ಸಾರಿನ ಮೇಲೆ ತೇಲಿದ ಒಮೆಗಾ

ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಬೋಧಿಸಿದವನಿಗೆ ಕೊಬ್ಬಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಎಚ್.ಡಿ. ಕೋಟೆಯ ಡಾಕ್ಟರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ, "ಮೇಷ್ಟ್ರೇ, ಟ್ರೈಗ್ಲಿಸರೈಡ್ ಇನ್ನೂರ ಎಂಬತ್ತಿದೆ. ಮಟನ್ ನಿಲ್ಲಿಸಿ, ಎಣ್ಣೆ ಕಡಿಮೆ ಮಾಡಿ. ಬೇಕಾದ್ರೆ ಸಮುದ್ರದ ಮೀನು ತಿನ್ನಿ, ಅದರ ಕೊಬ್ಬು ಒಳ್ಳೇದು" ಎಂದಾಗ ನಾನು ಕೊನೆಯ ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡೆ.

ನನಗೆ ಆತುರವಿತ್ತು. ಆರು ವಾರಕ್ಕೆ ಮಗಳ ಮದುವೆ, ಅದರ ಬೆನ್ನಿಗೇ ಬೀಗರೂಟ. ಸ್ವಂತ ಮಗಳ ಬೀಗರೂಟದಲ್ಲಿ ಅಪ್ಪ ಮೊಸರನ್ನ ತಿನ್ನುವುದೆಂದರೆ! ಅಷ್ಟರಲ್ಲಿ ಕೊಬ್ಬು ಇಳಿದರೆ ಎರಡು ತುಂಡು ಮಟನ್‌ಗೆ ಅಪ್ಪಣೆ ಎಂದು ಡಾಕ್ಟರಿಂದ ಮಾತು ತೆಗೆದುಕೊಂಡೆ.

ಕೇರಳದ ಕಡೆಯಿಂದ ಐಸ್ ಪೆಟ್ಟಿಗೆಯಲ್ಲಿ ಬರುವ ಮತ್ತಿ ಮೀನು ದಿನಾ ಮನೆ ಸೇರತೊಡಗಿತು. ಹೆಂಡತಿ ಜಯಮ್ಮ ಸಂಜೆ ಮಾಡಿಟ್ಟ ಸಾರಿನ ಮೇಲೆ ಬೆಳಗ್ಗೆ ಕೆಂಪಗೆ ಎಣ್ಣೆ ತೇಲುತ್ತಿತ್ತು. ನನ್ನೊಳಗಿನ ವಿಜ್ಞಾನಿ ಎದ್ದು ಕೂತ.

"ನೋಡೇ, ಇದೇ ಒಮೆಗಾ ತ್ರೀ! ಪೇಟೆಯಲ್ಲಿ ಮಾತ್ರೆ ಮಾಡಿ ಮಾರ್ತಾರೆ. ಲಿವರ್ರು ಕೊಬ್ಬು ತಯಾರಿಸದ ಹಾಗೆ ಇದು ಕಡಿವಾಣ ಹಾಕುತ್ತೆ."

"ಓದಿರೋರು ನೀವು. ನಂಗೇನ್ ಗೊತ್ತಾದದು."

ಅಂದಿನಿಂದ ದಿನಾ ಬೆಳಗ್ಗೆ ಒಂದು ಸೌಟು ಎಣ್ಣೆ ಬಗ್ಗಿಸಿಕೊಂಡು, ಕಣ್ಣುಮುಚ್ಚಿ ಕುಡಿಯತೊಡಗಿದೆ. ಉಳಿದದ್ದಕ್ಕೆ ಎರಡು ಮುದ್ದೆ. ಒಂದು ದಿನ ಪದರ ತೆಳ್ಳಗಿತ್ತು. "ಇವತ್ತು ಒಮೆಗಾ ಕಮ್ಮಿ ಕಣೇ!" ಎಂದು ರೇಗಿದೆ. ಮರುದಿನ ಬೆರಳುದಪ್ಪ ತೇಲಿತು. ಮತ್ತಿ ಕೂಡ ನನ್ನ ಮಾತು ಕೇಳುತ್ತದೆಂದು ಹೆಮ್ಮೆಯಾಯಿತು.

ಆರನೇ ವಾರದ ಚೀಟಿಯಲ್ಲಿ ನಾನೂರ ಹತ್ತು!

ಡಾಕ್ಟರು ನನ್ನನ್ನು ಬಿಟ್ಟು, ಜೊತೆಗೆ ಬಂದಿದ್ದ ಜಯಮ್ಮನ ಕಡೆ ತಿರುಗಿದರು. "ಸಾರಿಗೆ ಎಣ್ಣೆ ಎಷ್ಟು ಹಾಕ್ತೀರಮ್ಮ?"

"ಮದ್ಲು ಒಂದು ಸೌಟು ಸಾ. ಮ್ಯಾಲೆ ತೇಲೋದೇ ಔಸ್ತಿ ಅಂದ್ರು, ಕಮ್ಮಿಯಾದ್ರೆ ರೇಗ್ತಿದ್ರು. ಅದ್ಕೆ ಆಮ್ಯಾಕೆ ಮೂರು ಸೌಟು ಕಡ್ಲೆಕಾಯೆಣ್ಣೆ ಬುಡ್ತಿದ್ದೆ. ಅವ್ರ ಆರೋಗ್ಯಕ್ಕಲ್ವಾ!"

ಪಾಪ, ಮತ್ತಿಯಿಂದ ಇಳಿದದ್ದು ನಾಲ್ಕು ಹನಿ. ಮಿಕ್ಕಿದ್ದೆಲ್ಲ ಗಾಣದ್ದು. ಅಪ್ಪಣೆ ರದ್ದಾಯಿತು.

ಬೀಗರೂಟದ ದಿನ ಬೀಗರು ಮಟನ್ ಬಕೆಟ್ಟಿನ ಜೊತೆ ನನ್ನ ಎಲೆಯ ಮುಂದೆ ನಿಂತು, "ಒಂದು ತುಂಡಾದ್ರೂ ಆಕ್ಸ್ಕಳಿ ಬೀಗ್ರೇ" ಎಂದರು. ಘಮಕ್ಕೆ ಕಣ್ಣಲ್ಲಿ ನೀರು ಬಂತು. "ಕೊಬ್ಬಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು" ಎಂದು ಮೊಸರನ್ನ ಕಲಸಿದೆ.

"ನೋಡ್ರಪ್ಪ, ಓದಿರೋರು ಅಂದ್ರೆ ಇಂಗಿರ್ಬೇಕು!" ಎಂದು ಬೀಗರು ಪಂಕ್ತಿಗೆಲ್ಲ ಸಾರಿದರು. "ನಂಗೂ ಕೊಬ್ಬು ಜಾಸ್ತಿ ಅಂದವ್ರೆ. ಏನ್ ಮಾಡ್ಬೇಕು, ಯೋಳಿ ಮೇಷ್ಟ್ರೇ."

ಎದುರಿನ ಸಾಲಿನಲ್ಲಿ ಜಯಮ್ಮ ಮೂಳೆ ಚೀಪುತ್ತಿದ್ದಳು.

"ಅವಳನ್ನು ಕೇಳಿ" ಎಂದೆ.