ಕಾಯಿ ತಟ್ಟುವ ಕೈ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ಮಾಗಿಯ ಬೆಳಿಗ್ಗೆ ನಾನು ಗುಬ್ಬಿಯಲ್ಲಿ, ಸೋದರಮಾವನ ಮನೆಯ ನಡುಮನೆಯಲ್ಲಿ, ಬಾಗಿಲಿಗೆ ಹತ್ತಿರದ ಕಂಬಕ್ಕೆ ಒರಗಿ ನಿಂತಿದ್ದೆ. ಅಲ್ಲೂ ಆಮೇಲೂ ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ. ನನ್ನ ಮಾವ ಮನುಷ್ಯರನ್ನು ತೆಂಗಿನಕಾಯಿ ಎಂದೇ ತಿಳಿದಿದ್ದರು.

ತಿಳಿಯದೆ ಇನ್ನೇನು ಮಾಡಿಯಾರು? ಮಂಡಿಯಲ್ಲಿ ಕಾಯಿ ಆರಿಸುವುದೇ ಅವರ ಕಸುಬು. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆ ಓರೆ ಮಾಡಿ ಕೇಳಿದರೆ ತೀರ್ಪು ಮುಗಿಯಿತು. ‘ದಬ್’ ಎಂದರೆ ಒಳಗೆ ತುಂಬಿದೆ, ಒಳ್ಳೆಯ ಕಾಯಿ. ‘ಟೊಣ್’ ಎಂದರೆ ಪೊಳ್ಳು, ಆಚೆಗೆ ಎಸೆ. ಈ ವಿದ್ಯೆಯನ್ನು ಮಂಡಿಯಲ್ಲೇ ಬಿಟ್ಟು ಬರಬಹುದಿತ್ತು. ಅವರು ಮನೆಗೂ ತಂದರು. ಯಾರಾದರೂ ಕೆಮ್ಮಿದರೆ ಸಾಕು, ಹಿಂದಿನಿಂದ ಬಂದು ಬೆನ್ನು ತಟ್ಟುತ್ತಿದ್ದರು. ಅವರ ಮಗಳನ್ನು ನೋಡಲು ನಿಟ್ಟೂರಿನಿಂದ ಬಂದಿದ್ದ ಹುಡುಗನೊಬ್ಬ ಸೀನಿದ ತಪ್ಪಿಗೆ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗಲೇ ತಟ್ಟಿಸಿಕೊಂಡ. “ಗಂಡು ಪೊಳ್ಳು ಕಣಪ್ಪ” ಎಂದು ಮಾವ ಅವನ ತಂದೆಗೇ ಹೇಳಿದರು. ಸಂಬಂಧ ಅಲ್ಲಿಗೇ ನಿಂತಿತು.

ಆ ಮಾಗಿಯಲ್ಲಿ ಮನೆಮಂದಿಗೆಲ್ಲ ನೆಗಡಿ. ಸಂತೆಯಿಂದ ಅದನ್ನು ತಂದವರು ಮಾವನೇ. ಎಲ್ಲರಿಗೂ ಒಂದೇ ಟವಲು, ಒಂದೇ ಚೊಂಬು. ನೆಗಡಿ ಯಾರನ್ನೂ ಬಿಡಲಿಲ್ಲ. ನಮಗೆಲ್ಲ ಬಂದ ಹಾಗೆಯೇ ಹೋಯಿತು. ಅತ್ತೆಗೆ ಮಾತ್ರ ಎದೆಗೆ ಇಳಿಯಿತು. ಜ್ವರ, ಏದುಸಿರು. ನಾನು ಕಂಬಕ್ಕೆ ಒರಗಿ ನಿಂತಿದ್ದ ಆ ಬೆಳಿಗ್ಗೆ ಅವರು ಮಂಚದ ಮೇಲೆ ಬಗ್ಗಿ ಕೂತಿದ್ದರು. ಮಾವ ಬೆನ್ನು ತಟ್ಟುತ್ತಿದ್ದರು.

“ಬಲಗಡೆ ಗಟ್ಟಿಯಾಗೈತೆ ಕಣೇ, ಒಳ್ಳೆ ಕಾಯಿ. ಎಡಗಡೆ ಪೊಳ್ಳು ಹೊಡೀತೈತೆ. ರೋಗ ಅಲ್ಲೇ ಇರೋದು.”

“ನೋವು ಬಲಗಡೆ ಕಣ್ರೀ” ಎಂದರು ಅತ್ತೆ, ಮಾತು ಮಾತಿಗೂ ಉಸಿರು ಎಳೆದುಕೊಂಡು.

“ನೀ ಸುಮ್ಕಿರು. ಕಾಯಿನ ಕೇಳ್ಬುಟ್ಟು ಯಾಪಾರ ಮಾಡೋರುಂಟಾ?”

ಹೀಗಾಗಿ ನೋವಿಲ್ಲದ ಎಡಗಡೆಗೆ ಬಿಸಿ ಉಪ್ಪಿನ ಶಾಖ ನಡೆಯಿತು. ಮರುದಿನ ಅತ್ತೆಯ ತುಟಿ ನೀಲಿಗಟ್ಟಿತು. ಮಾವ ಹೆದರಿದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಕಾಯಿ ಸಾಗಿಸುವ ಲಾರಿಯ ಮುಂದಿನ ಸೀಟಿನಲ್ಲಿ ಅತ್ತೆಯನ್ನು ಒರಗಿಸಿಕೊಂಡು ತುಮಕೂರಿನ ಆಸ್ಪತ್ರೆಗೆ ಬಂದೆವು.

ಅಲ್ಲಿ ಡಾಕ್ಟರು ಮಾಡಿದ ಮೊದಲ ಕೆಲಸವೇನು ಗೊತ್ತೆ? ಅತ್ತೆಯ ಬೆನ್ನಿನ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಕೈಯ ಬೆರಳಿನಿಂದ ಅದರ ಮೇಲೆ ತಟ್ಟಿ, ತಲೆ ಓರೆ ಮಾಡಿ ಕೇಳಿದರು. ಮಾವನ ಮುಖ ಅರಳಿತು.

“ತಾವು ಯಾವ ಮಂಡಿ, ಸಾರ್?”

ಡಾಕ್ಟರು ಅತ್ತೆಯನ್ನು ಎಕ್ಸ್‌ರೇಗೆ ಕಳಿಸಿದರು. ಫಿಲಂ ಬಂದ ಮೇಲೆ ಡಾಕ್ಟರು ಅದನ್ನು ಬೆಳಕಿಗೆ ಹಿಡಿದಾಗ ಮಾವನೇ ಮುಂದೆ ಹೋದರು.

“ನಾ ಯೋಳ್ಲಿಲ್ವಾ? ಈ ಕಡೆ ನೋಡಿ, ಕೊಬ್ಬರಿ ಹಂಗೆ ಬೆಳ್ಳಗೈತೆ. ಆ ಕಡೆ ಕರ್ರಗೆ ಕೊಳ್ತೋಗೈತೆ.”

“ಉಲ್ಟಾ, ಯಜಮಾನ್ರೇ” ಎಂದರು ಡಾಕ್ಟರು. “ಕಪ್ಪಗಿರೋ ಕಡೆ ಗಾಳಿ ಇದೆ. ಶ್ವಾಸಕೋಶ ಪೊಳ್ಳಾಗೇ ಇರ್ಬೇಕು. ಬೆಳ್ಳಗಿರೋ ಕಡೆ ಕೀವು, ನೀರು ತುಂಬಿದೆ. ನ್ಯುಮೋನಿಯಾ.”

“ಬರೀ ನೆಗಡಿ ಅಲ್ವಾ ಸಾರ್ ಇದ್ದಿದ್ದು?”

“ನೆಗಡಿ ತರೋ ವೈರಸ್‌ಗಳಲ್ಲಿ ಹಲವು ಜಾತಿ. ಕರೋನಾ ಅಂತಲೂ ಒಂದಿದೆ. ಇವರಿಗೆ ಬಂದಿದ್ದು ಯಾವುದೋ, ಪತ್ತೆ ಹಚ್ಚೋ ಪರೀಕ್ಷೆ ನಮ್ಮಲ್ಲಿಲ್ಲ. ಅದಕ್ಕೆ ಔಷಧಾನೂ ಇಲ್ಲ, ಸಾಮಾನ್ಯವಾಗಿ ತಾನೇ ಹೋಗುತ್ತೆ. ಇವರಲ್ಲಿ ಅದು ಉಸಿರಿನ ದಾರಿ ಕೆಡಿಸಿ ಹೋಗಿದೆ, ಅದರ ಹಿಂದೆ ಬೇರೆ ಕ್ರಿಮಿ ಒಳಗೆ ಇಳಿದಿದೆ. ಆ ಕ್ರಿಮಿಗೆ ಪೆನಿಸಿಲಿನ್ ಇದೆ, ಉಸಿರಿಗೆ ಆಕ್ಸಿಜನ್ ಕೊಡ್ತೀವಿ. ತಡ ಮಾಡಿದ್ದೀರಿ. ನೋಡೋಣ.”

ಆ ‘ನೋಡೋಣ’ ಮಾವನನ್ನು ಬೆಂಚಿನ ಮೇಲೆ ಕೂರಿಸಿಬಿಟ್ಟಿತು. ಜ್ವರ ಇಳಿಯುವವರೆಗೆ ಅವರು ಒಂದು ಗೋಡೆಯನ್ನೂ ತಟ್ಟಲಿಲ್ಲ. ವಾರ್ಡಿನ ತುಂಬ ಕೆಮ್ಮುವವರು! ಅವರ ಪಾಲಿಗೆ ಅದು ಎಂಥ ಸಂತೆ, ಯೋಚಿಸಿ. ನಮ್ಮ ಲಾರಿಯವನಿಂದ ಕಥೆ ತಿಳಿದ ಪಕ್ಕದ ಹಾಸಿಗೆಯ ಕುಣಿಗಲ್ಲಿನ ಅಜ್ಜಿ ತಾನಾಗಿಯೇ ಬೆನ್ನು ತಿರುಗಿಸಿ, “ನಂದೂ ಒಸಿ ನೋಡಪ್ಪ, ಎಳ್ನೀರೋ ಕೊಬ್ರಿಯೋ” ಎಂದಳು. ಮಾವ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡರು.

ಜ್ವರ ಇಳಿದ ಬೆಳಿಗ್ಗೆ ಅತ್ತೆ ಮೊದಲು ಕೇಳಿದ್ದು ಬಾಚಣಿಗೆ. ಕೊಟ್ಟರೆ, ಕೈ ಮೇಲೆತ್ತುವ ಶಕ್ತಿ ಇರಲಿಲ್ಲ. ನಾನು ವಾರ್ಡಿನ ಬಾಗಿಲಲ್ಲಿ ಕಾಫಿ ಫ್ಲಾಸ್ಕು ಹಿಡಿದು ನಿಂತಿದ್ದೆ. ಮಾವ ಒಮ್ಮೆ ಸುತ್ತ ನೋಡಿದರು. ಹೆಂಡತಿಯ ಜೊತೆ ಗುಬ್ಬಿಯ ಬೀದಿಯಲ್ಲಿ ಸರಿಸಮ ನಡೆಯಲೂ ನಾಚುತ್ತಿದ್ದ ಮನುಷ್ಯ, ಹೆಂಗಸರಿಂದ ತುಂಬಿದ ವಾರ್ಡಿನಲ್ಲಿ ಅತ್ತೆಯ ಹಿಂದೆ ಕೂತು, ಜಡೆ ಬಿಚ್ಚಿ, ಸಿಕ್ಕು ಬಿಡಿಸತೊಡಗಿದರು.

“ಜನ ನೋಡ್ತವ್ರೆ ಕಣ್ರೀ.”

“ನೋಡ್ಲಿ ಬುಡು.”

ಹೆಣೆಯಲು ಅವರಿಗೆ ಬರಲಿಲ್ಲ. ಕೂದಲನ್ನು ಮೂರು ಎಳೆ ಮಾಡಿ ಹಿಡಿದು, ಯಾವುದನ್ನು ಯಾವುದರ ಮೇಲೆ ಹಾಕಬೇಕೋ ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಅತ್ತೆಯ ಬೆನ್ನಿಗೆ ಹಣೆ ಇಟ್ಟರು. ಅತ್ತೆ ಉಸಿರಾಡಿದಂತೆಲ್ಲ ಮಾವನ ತಲೆ ಮೆಲ್ಲಗೆ ಏರಿ ಇಳಿಯುತ್ತಿತ್ತು.

ಆ ಹೊತ್ತಿಗೆ ರೌಂಡ್ಸಿಗೆ ಬಂದಿದ್ದ ಡಾಕ್ಟರು ನನ್ನ ಪಕ್ಕದಲ್ಲಿ ನಿಂತು ಇದನ್ನು ನೋಡಿ, ಒಳಗೆ ಹೋಗದೆ ಹಿಂತಿರುಗಿದರು. ಅವರು ಈಗಿಲ್ಲ. ಕುಣಿಗಲ್ಲಿನ ಅಜ್ಜಿಯೂ ಇಲ್ಲ. ಮಾವ ಹೋಗಿಯೂ ಬಹಳ ವರ್ಷಗಳಾದವು. ನನಗೆ ತಿಳಿದಂತೆ, ನೋಡಿದವರಲ್ಲಿ ಉಳಿದಿರುವವನು ನಾನೊಬ್ಬನೇ. ಅತ್ತೆ ಇದ್ದಾರೆ, ಆದರೆ ಅವರು ನೋಡಲಿಲ್ಲ. ಅವರ ಬೆನ್ನಿಗೆ ಮಾತ್ರ ಗೊತ್ತು.