ಸೋಡಾ ಮೆಷಿನ್ನಿಗೆ ಎರಡು ಸಲ ಬೇಡ

ಆರ್ಲೆನ್ ಟ್ವೆಟ್‌ನ ಜೀವಕ್ಕೆ ಆ ಶನಿವಾರ ಸಂಚಕಾರ ತಂದದ್ದು ನೆಲದ ಮೇಲಿನ ಒಂದು ಜಾಲರಿ. ಕಾಸು ಹಾಕಿ ಅವರವರ ಬಟ್ಟೆ ಅವರೇ ಒಗೆದುಕೊಳ್ಳುವ ವರ್ನಾಳ ಲಾಂಡ್ರಿ ಅಂಗಡಿಯ ಹಿಂಭಾಗದಲ್ಲಿ ನೀರು ಹರಿದುಹೋಗೋಕೆ ಅಂತ ಒಂದು ತೂಬು, ಅದರ ಮೇಲೆ ತುಕ್ಕು ಹಿಡಿದ ಜಾಲರಿ. ಮೂವತ್ತು ವರ್ಷದಿಂದ ಊರಿನವರೆಲ್ಲ ಅದನ್ನು ತುಳಿದುಕೊಂಡೇ ಓಡಾಡಿದ್ದರು, ಏನೂ ಆಗಿರಲಿಲ್ಲ. ಆದರೆ ಅವರಲ್ಲಿ ಯಾರೂ ಎಂಟುನೂರು ಪೌಂಡು ತೂಗುತ್ತಿರಲಿಲ್ಲ.

ಎಂಟುನೂರು ಪೌಂಡು ತೂಗೋದು ಆರ್ಲೆನ್ ಹೊಸದಾಗಿ ಕೊಂಡ ಹಳೇ ಸೋಡಾ ಮೆಷಿನ್ನು. ಕಾಸು ಹಾಕಿ ಗುಂಡಿ ಒತ್ತಿದರೆ ಕೆಳಗಿನ ಬಾಯಿಗೆ ಸೋಡಾ ಡಬ್ಬಿ ಬಂದು ಬೀಳುತ್ತದಲ್ಲ, ಅದೇ. ಪಕ್ಕದೂರಿನ ಹೈಸ್ಕೂಲು ಮುಚ್ಚಿದಾಗ ಬೆಂಚು, ಗಡಿಯಾರಗಳ ಜೊತೆ ಇದೂ ಹರಾಜಿಗೆ ಬಂದಿತ್ತು. ಆರ್ಲೆನ್ ಮೂವತ್ತೊಂದು ವರ್ಷ ಧಾನ್ಯದ ಗೋದಾಮಿನಲ್ಲಿ ಬೇರೆಯವರ ಜೋಳ ತೂಗಿದವನು. ಮನೆ ಹೆಂಡತಿ ಲವೋನಳ ಅಪ್ಪನದು, ಕಾರು ಅವಳ ಅಕ್ಕನದು, ನಾಯಿ ಕೂಡ ಪಕ್ಕದ ಮನೆಯವರು ಊರು ಬಿಡುವಾಗ ಇವನಿಗೆ ಗಂಟುಹಾಕಿ ಹೋದದ್ದು. ಐವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ‘ಇದು ನಂದು’ ಅಂತ ಹೇಳಿಕೊಳ್ಳೋಕೆ ಒಂದು ವಸ್ತು ಸಿಕ್ಕಿತ್ತು. ಒಂದು ವಾರ ಅದನ್ನು ಗ್ಯಾರೇಜಿನಲ್ಲಿಟ್ಟುಕೊಂಡು ಒರೆಸಿದ್ದೇ ಒರೆಸಿದ್ದು. ಅದೇ ಬಟ್ಟೆಯಲ್ಲಿ ಮನೆಯ ಕಿಟಕೀನೂ ಒರೆಸು ಅಂತ ಲವೋನ್ ಹೇಳಿದ್ದು ಅವನಿಗೆ ಕೇಳಿಸಲೇ ಇಲ್ಲ.

ಅಷ್ಟೊಂದು ಪ್ರೀತಿ ಇದ್ದರೂ ಅದನ್ನು ಕಂಡರೆ ಅವನಿಗೆ ಪ್ರಾಣಭಯ. ಕಾರಣ, ಮೆಷಿನ್ನಿನ ಮೈಮೇಲೆ ಅಂಟಿಸಿದ್ದ ಹಳದಿ ಚೀಟಿ. ಮುಂದೊಂದು, ಬೆನ್ನಿಗೊಂದು. ಮೆಷಿನ್ನು ವಾಲಿಕೊಂಡಿದೆ, ಅದರ ಕೆಳಗೆ ಒಬ್ಬ ಕಪ್ಪು ಮನುಷ್ಯಾಕೃತಿ ಕೈಕಾಲು ಚಾಚಿಕೊಂಡು ಅಪ್ಪಚ್ಚಿಯಾಗಿದ್ದಾನೆ, ಪಕ್ಕದಲ್ಲಿ ‘ಅಲುಗಾಡಿಸಬೇಡಿ, ಸಾಯುತ್ತೀರಿ’ ಅನ್ನೋ ಅರ್ಥದ ಮಾತು. ಆ ಮನುಷ್ಯನಿಗೆ ಮುಖ ಇರಲಿಲ್ಲ. ನೋಡಿದಾಗಲೆಲ್ಲ ಆರ್ಲೆನ್ ಅಲ್ಲಿ ತನ್ನ ಮುಖವನ್ನೇ ಇಟ್ಟು ನೋಡುತ್ತಿದ್ದ.

ಈಗ ನಮ್ಮೂರಿನ ಒಂದು ರಿವಾಜು ಹೇಳಿಬಿಡಬೇಕು. ಇಲ್ಲದಿದ್ದರೆ ನೀವು ಆರ್ಲೆನ್‌ನನ್ನು ಪೆದ್ದ ಅಂದುಕೊಳ್ಳುತ್ತೀರಿ. ನಮ್ಮ ಮಿನೆಸೋಟಾದ ಈ ಕಡೆ ಊರುಗಳಲ್ಲಿ ಯಾರಾದರೂ ಏನಾದರೂ ಕೊಡ್ತೀನಿ ಅಂದರೆ ತಕ್ಷಣ ತಗೊಳ್ಳೋ ಹಾಗಿಲ್ಲ. ಮೊದಲ ಸಲ ಕೇಳಿದಾಗ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ, ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೇ ಸಲ ಕೇಳಿದರೆ ಮಾತ್ರ ‘ಅಷ್ಟು ಹೇಳ್ತೀರಿ ಅಂದಮೇಲೆ ಸರಿ’ ಅಂತ ಒಪ್ಪಿಕೊಳ್ಳಬಹುದು. ಕೊಡುವವನೂ ಅಷ್ಟೇ, ಎದುರಿಗಿರುವವನು ಎರಡು ಸಲ ಬೇಡ ಅಂತಾನೆ ಅನ್ನೋ ಧೈರ್ಯದ ಮೇಲೇ ಕೊಡ್ತೀನಿ ಅನ್ನೋದು. ನನ್ನ ಅಜ್ಜಿ ಒಬ್ಬರ ಮನೆಯಲ್ಲಿ ಎರಡು ಸಲ ಕಾಫಿ ಬೇಡ ಅಂದಳು, ಅವರು ಮೂರನೇ ಸಲ ಕೇಳಲಿಲ್ಲ. ಆಮೇಲೆ ಹನ್ನೊಂದು ವರ್ಷ ಆ ಮನೆ ಹೊಸಿಲು ತುಳಿಯಲಿಲ್ಲ.

ಬಟ್ಟೆ ಒಗೆಯೋಕೆ ಬಂದವರು ಸೋಡಾ ಕೊಳ್ಳಲಿ ಅಂತ ವರ್ನಾ ತನ್ನ ಲಾಂಡ್ರಿಯಲ್ಲಿ ಮೆಷಿನ್ನಿಗೆ ಜಾಗ ಕೊಟ್ಟಿದ್ದಳು. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಲವೋನಳ ತಮ್ಮಂದಿರಿಬ್ಬರು ಮೆಷಿನ್ನನ್ನು ಟ್ರಕ್ಕಿನಲ್ಲಿ ತಂದು ಲಾಂಡ್ರಿಯೊಳಗೆ ಗೋಡೆಯಿಂದ ಎರಡಡಿ ದೂರದಲ್ಲಿ ಇಳಿಸಿದರು. ಗೋಡೆಗೆ ತಳ್ಳಿಕೊಡೋಣವಾ ಭಾವ ಅಂದರು. ಬೇಡ ಅಂದ. ಇನ್ನೊಂದು ಸಲ ಕೇಳಿದರು. ಬೇಡ್ರಪ್ಪಾ, ನೀವು ಹೊರಡಿ ಅಂದ. ಅವರಿಗೆ ಮೀನು ಹಿಡಿಯೋಕೆ ಹೋಗುವ ಅವಸರ, ಹೊರಟೇಬಿಟ್ಟರು. ಅಂಗಡಿಯ ಒಡತಿ ವರ್ನಾ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ಆರ್ಲೆನ್ ಒಬ್ಬನೇ ಉಳಿದ.

ವೈರು ಸಿಕ್ಕಿಸೋಣ ಅಂತ ಮೆಷಿನ್ನಿನ ಹಿಂದೆ ನುಸುಳಿದ. ಕೈ ಚಾಚಲು ಜಾಗ ಸಾಲದೆ ಭುಜದಿಂದ ಮೆಷಿನ್ನನ್ನು ಒಂದೇ ಒಂದು ಇಂಚು ಸರಿಸಿದ. ಅದರ ಹಿಂದಿನ ಕಾಲು ಜಾಲರಿಯ ಮೇಲೆ ಬಂತು. ಜಾಲರಿ ಲಟ್ ಅಂತ ಮುರಿಯಿತು, ಕಾಲು ತೂಬಿನೊಳಕ್ಕೆ ಇಳಿಯಿತು, ಮೆಷಿನ್ನು ನಿಧಾನವಾಗಿ ಹಿಂದಕ್ಕೆ ವಾಲಿ ಆರ್ಲೆನ್‌ನ ಎದೆಗೆ ಒರಗಿಕೊಂಡಿತು. ಬೆನ್ನಿಗೆ ಗೋಡೆ. ಎರಡು ಅಂಗೈ, ಒಂದು ಮೊಣಕಾಲು ಕೊಟ್ಟು ತಡೆದ. ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ ಹಳದಿ ಚೀಟಿ. ಕೈ ಸಡಿಲಿಸಿದರೆ ಪಕ್ಕೆಲುಬು ಪುಡಿ ಅನ್ನೋದು ಅವನಿಗೆ ಗೊತ್ತಾಯಿತು.

ಕೂಗಬಹುದಿತ್ತಲ್ಲ ಅಂತೀರಿ. ನಮ್ಮೂರಲ್ಲಿ ಹಾಗೆಲ್ಲ ಕೂಗಲ್ಲ. ಮನೆಗೆ ಬೆಂಕಿ ಬಿದ್ದರೂ ಫೋನು ಮಾಡಿ, ಬಿಡುವಾಗಿದ್ದೀರಾ ಅಂತ ಕೇಳುವ ಜನ ನಾವು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದ ಸದ್ದಾಯಿತು. ಬಂದವನು ಎದುರು ಮನೆಯ ಡ್ವೇನ್. ಒಣಗಲು ಹಾಕಿದ್ದ ಬಟ್ಟೆ ತಗೊಂಡು ಹೋಗೋಕೆ ಬಂದಿದ್ದ. ಮೆಷಿನ್ನಿನ ಪಕ್ಕದಿಂದ ಇಣುಕಿ ಆರ್ಲೆನ್‌ನ ಕೆಂಪು ಮುಖ ನೋಡಿದ.

“ಏನಯ್ಯಾ, ಕೈ ಹಾಕ್ಲಾ?” ಅಂದ.

“ಬೇಡ ಬೇಡ, ಆಗುತ್ತೆ,” ಅಂದುಬಿಟ್ಟ ಆರ್ಲೆನ್. ಬಾಯಿಗೆ ಅಷ್ಟು ವರ್ಷದ ಅಭ್ಯಾಸ.

“ಭಾರ ಇರೋ ಹಂಗಿದೆ. ನಿಜವಾಗ್ಲೂ ಬೇಡ್ವಾ?”

“ಅಯ್ಯೋ ನಿಂಗ್ಯಾಕೆ ತೊಂದರೆ.”

ಆರ್ಲೆನ್ ಉಸಿರು ಬಿಗಿಹಿಡಿದು ಮೂರನೆಯದಕ್ಕೆ ಕಾದ. ಡ್ವೇನ್ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಬಟ್ಟೆ ಒಣಗಿಸುವ ಯಂತ್ರ ಕಿರ್ರೆಂದು ಅರಚಿತು. ಡ್ವೇನ್ ಆ ಕಡೆ ಹೋದ. ಬಿಸಿ ಟವೆಲುಗಳನ್ನು ಒಂದೊಂದಾಗಿ ಮಡಿಸುತ್ತಾ ಈ ಸಲ ಕೆರೆಯ ಮೇಲಿನ ಮಂಜುಗಡ್ಡೆ ಬೇಗ ಕರಗಿದ್ದರ ಬಗ್ಗೆ, ತನ್ನ ಮಂಡಿನೋವಿನ ಬಗ್ಗೆ ಮಾತಾಡಿದ. ಆರ್ಲೆನ್ ಹೌದಲ್ವಾ, ಹೌದಲ್ವಾ ಅನ್ನುತ್ತಿದ್ದ. ತೋಳು ಅದುರಲು ಶುರುವಾಗಿತ್ತು. ಕಾಫಿ ತಂದುಬಿಡ್ತೀನಿ ಅಂತ ಹೇಳಿ ಡ್ವೇನ್ ಹೊರಗೆ ಹೋದ.

ಆಮೇಲೆ ಬಂದವಳು ಬರ್ಡೀನಮ್ಮ. ಎಂಬತ್ತೆರಡರ ಮುದುಕಿ, ಕೈಯಲ್ಲಿ ಯಾವಾಗಲೂ ತಾನೇ ಬೇಯಿಸಿದ ಖರ್ಜೂರದ ಸಿಹಿಯ ಡಬ್ಬ. ಒಂದು ತುಂಡು ತಗೊಳ್ಳಪ್ಪಾ ಅಂದಳು. ಬೇಡ ಅಂದ. ಬೆಣ್ಣೆ ಜಾಸ್ತಿ ಹಾಕಿದೀನಿ ಕಣೋ ಅಂದಳು. ಈಗತಾನೆ ತಿಂದೆ ಅಂದ, ಬೆಳಗಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮನಸ್ಸಾದಾಗ ತಿಂದ್ಕೋ ಅಂತ ಮುದುಕಿ ತುದಿಗಾಲಲ್ಲಿ ನಿಂತು ಇಡೀ ಡಬ್ಬವನ್ನು ಮೆಷಿನ್ನಿನ ತಲೆಯ ಮೇಲಿಟ್ಟಳು. ಆ ಡಬ್ಬದ ಭಾರವೂ ತನ್ನ ಎದೆಗೆ ಬಂದದ್ದು ಆರ್ಲೆನ್‌ಗೆ ಸ್ಪಷ್ಟವಾಗಿ ತಿಳಿಯಿತು. ತೂಬಿನೊಳಗೆ ಏನೋ ಕಿರ್ ಅಂದಿತು, ಮೆಷಿನ್ನು ಕೂದಲೆಳೆಯಷ್ಟು ಹತ್ತಿರ ಬಂತು.

ಅವನಿಗೆ ತನ್ನ ಶವಸಂಸ್ಕಾರ ಕಣ್ಣಿಗೆ ಕಟ್ಟಿತು. ಚರ್ಚಿನ ನೆಲಮಾಳಿಗೆಯಲ್ಲಿ ಊಟ, ಬೇಯಿಸಿದ ಆಲೂಗಡ್ಡೆಯ ತಟ್ಟೆಗಳು, ಯಾರಿಗೂ ತೊಂದರೆ ಕೊಟ್ಟವನಲ್ಲ ಅಂತ ಎಲ್ಲರ ಹೊಗಳಿಕೆ. ಮೆಷಿನ್ನು ಯಾರಿಗೆ ಹೋಗುತ್ತೋ ಅಂತ ಯೋಚನೆ ಬಂದಾಗ ಮಾತ್ರ ಅವನಿಗೆ ಅಳು ಬಂತು. ಒಂದು ಡಬ್ಬಿ ಸೋಡಾ ಕೂಡ ಅದರಿಂದ ಬಿದ್ದದ್ದು ನೋಡಿರಲಿಲ್ಲ.

ಹನ್ನೊಂದೂವರೆಗೆ ಪಾದ್ರಿ ಹೌಗೆನ್ ಬಂದರು, ಚರ್ಚಿನ ಮೇಜುಬಟ್ಟೆ ಒಗೆಯೋಕೆ. ಇವರು ಕೇಳೇ ಕೇಳ್ತಾರೆ ಅಂತ ಆರ್ಲೆನ್‌ಗೆ ಜೀವ ಬಂತು. ಅವರೂ ಪಾಪ, ಶಾಸ್ತ್ರೋಕ್ತವಾಗಿಯೇ ಕೇಳಿದರು. ಒಂದು ಸಲ ಕೇಳಿದರು, ಬೇಡ ಅಂದ. ಎರಡನೇ ಸಲ ಕೇಳಿದರು, ಬೇಡ ಅಂದ, ದನಿ ನಡುಗಿತು. ಪಾದ್ರಿಗಳು ಹುಬ್ಬು ಗಂಟಿಕ್ಕಿ, “ಆರ್ಲೆನ್, ನಾನು ಇನ್ನೊಂದು ಸಲ...” ಅನ್ನುವಷ್ಟರಲ್ಲಿ ಡ್ವೇನ್ ಕಾಫಿ ಕೆಟಲು ಹಿಡಿದು ಒಳಗೆ ಬಂದ.

“ನಾನೂ ಕೇಳ್ದೆ ಪಾದ್ರಿಗಳೇ. ಬೇಡ ಅಂದ. ತಾನೇ ಮಾಡ್ಬೇಕು ಅಂತ ಆಸೆ ಅವನಿಗೆ. ಮೊದಲನೇ ಮೆಷಿನ್ನಲ್ವಾ.”

“ಓ ಹೌದಾ,” ಅಂದರು ಪಾದ್ರಿಗಳು. ಅವರ ಕಣ್ಣಲ್ಲಿ ಗೌರವ ತುಂಬಿ ಬಂತು. ಮೂರನೇ ಸಲ ಕೇಳೋದು ಅವಮಾನ ಮಾಡಿದ ಹಾಗಾಗುತ್ತೆ ಅಂತ ಸುಮ್ಮನಾದರು.

ಡ್ವೇನ್‌ದು ಎರಡು, ಪಾದ್ರಿಗಳದು ಎರಡು, ಒಟ್ಟು ನಾಲ್ಕಾಯಿತಲ್ಲ, ಈಗ ಒಪ್ಪಿಕೊಳ್ಳಬಹುದಾ ಅಂತ ಆರ್ಲೆನ್ ಒದ್ದಾಡಿದ. ಆದರೆ ಬೇರೆಬೇರೆಯವರು ಕೇಳಿದ್ದನ್ನು ಹಾಗೆ ಕೂಡಿಸುವುದು ನಮ್ಮಲ್ಲಿಲ್ಲ. ಮೂವರೂ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅವನ ಎದುರು ಸಾಲಾಗಿ ಕೂತು ಕಾಫಿ ಕುಡಿಯತೊಡಗಿದರು. ಅಷ್ಟರಲ್ಲಿ ವರ್ನಾ ಕೂಡ ಊದಿದ ಕೆನ್ನೆ ಹಿಡಿದುಕೊಂಡು ಬಂದು ಸೇರಿಕೊಂಡಳು. ಹಲ್ಲು ಕೀಳಿಸಿದ್ದರಿಂದ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ, ಅವಳಿಂದ ಒಂದು ಸಲವೂ ಕೇಳಲಾಗಲಿಲ್ಲ. ಅವಸರ ಮಾಡ್ಬೇಡ, ನಿಧಾನವಾಗಿ ಮಾಡು ಅಂತ ಬರ್ಡೀನಮ್ಮ ಆಗಾಗ ಧೈರ್ಯ ಹೇಳುತ್ತಿದ್ದಳು. ಆರ್ಲೆನ್‌ನ ಮೊಣಕಾಲು ಜೋಮು ಹಿಡಿದು ತನ್ನದಲ್ಲ ಅನ್ನಿಸತೊಡಗಿತು. ಬೆವರು ಕಣ್ಣಿಗಿಳಿದು ಚೀಟಿಯ ಮನುಷ್ಯ ಮಂಜುಮಂಜಾದ. ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಇನ್ನು ಐದು ನಿಮಿಷ, ಅಷ್ಟೇ ಅಂತ ಅವನಿಗೆ ಅನ್ನಿಸಿತು.

ಆಗ ಬಾಗಿಲನ್ನು ಕಾಲಿನಿಂದ ಒದ್ದುಕೊಂಡು ಒಬ್ಬ ಒಳಗೆ ಬಂದ. ಸೋಪಿನ ಪುಡಿ ತರುವ ಲಾರಿಯ ಹೊಸ ಡ್ರೈವರು, ಕಾರ್ಮೈನ್ ಅಂತ ಹೆಸರು, ದೂರದ ನ್ಯೂಜೆರ್ಸಿ ಕಡೆಯವನು. ಸಾಮಾನು ಸಾಗಿಸುವ ಕೈಗಾಡಿ ತಳ್ಳಿಕೊಂಡು ಬಂದವನು ಕಾಫಿ ಕುಡಿಯುತ್ತಾ ಕೂತ ನಾಲ್ವರನ್ನು ನೋಡಿದ, ಮೆಷಿನ್ನಿನ ಹಿಂದೆ ಸಿಕ್ಕಿಕೊಂಡ ಆರ್ಲೆನ್‌ನ ಮುಖ ನೋಡಿದ.

“ಏನ್ರೀ ನೀವು, ಆ ಮನುಷ್ಯ ಸಾಯ್ತಾ ಇದಾನೆ,” ಅಂದ.

ಕೇಳಲಿಲ್ಲ, ಗೀಳಲಿಲ್ಲ. ಸೋಪಿನ ಮೂಟೆಗಳನ್ನು ಅಲ್ಲೇ ಕೆಡವಿ, ಕೈಗಾಡಿಯ ಚಪ್ಪಟೆ ಕಬ್ಬಿಣದ ನಾಲಿಗೆಯನ್ನು ಮೆಷಿನ್ನಿನ ಅಡಿಗೆ ತೂರಿಸಿ, ಬೈಯುತ್ತಲೇ ಎತ್ತಿದ. ಕಾಲು ತೂಬಿನಿಂದ ಮೇಲೆ ಬಂತು. ಮೆಷಿನ್ನು ನೆಟ್ಟಗಾಯಿತು. ಆರ್ಲೆನ್ ಗೋಡೆಗುಂಟ ಜಾರಿ ನೆಲಕ್ಕೆ ಕೂತ.

ಎಲ್ಲರಿಗೂ ನಾಚಿಕೆ. ಹೇಳಬಾರದಿತ್ತಾ ಅಂದ ಡ್ವೇನ್. ನಿಮಗೆಲ್ಲ ಯಾಕೆ ತೊಂದರೆ ಅಂತ ಸುಮ್ಮನಿದ್ದೆ ಅಂದ ಆರ್ಲೆನ್. ಅದು ಎಲ್ಲರಿಗೂ ಸರಿಯಾದ ಉತ್ತರವಾಗಿಯೇ ಕಂಡಿತು.

ಕಾರ್ಮೈನ್ ತಾನೇ ವೈರು ಸಿಕ್ಕಿಸಿದ. ಮೆಷಿನ್ನು ಒಮ್ಮೆ ನಡುಗಿ ಗುಂಯ್ ಅನ್ನತೊಡಗಿತು, ಮುಖದಲ್ಲಿ ದೀಪ ಹೊತ್ತಿತು. ಆರ್ಲೆನ್ ಬೀಗ ತೆರೆದು, ಮನೆಯಿಂದ ತಂದಿದ್ದ ಡಬ್ಬಿಗಳನ್ನು ಒಂದು ಸಾಲು ತುಂಬಿಸಿ, ಕಾಸು ಹಾಕಿ ಗುಂಡಿ ಒತ್ತಿದ. ಡಬಕ್ ಅಂತ ಡಬ್ಬಿ ಬಿತ್ತು. ಆ ಸದ್ದಿಗೆ ಅವನ ಕಣ್ಣು ತುಂಬಿತು. ಬದುಕಿದ್ದೀನಿ, ಮೆಷಿನ್ನೂ ಬದುಕಿದೆ, ಅದು ನಂದು. ಮೊದಲ ಡಬ್ಬಿಯನ್ನು ತನ್ನ ಜೀವ ಉಳಿಸಿದವನ ಕೈಗಿಟ್ಟ. ಇನ್ನೂ ತಣ್ಣಗಾಗಿರಲಿಲ್ಲ. ಕಾರ್ಮೈನ್ ಒಂದೇ ಮಾತಿಗೆ ಈಸಿಕೊಂಡು ಒಂದೇ ಗುಟುಕಿಗೆ ಕುಡಿದ. ಆಗಲೇ ನಮ್ಮವರು ಎಚ್ಚರವಾಗಬೇಕಿತ್ತು.

“ಒಳ್ಳೇ ಮೆಷಿನ್ನು ಕಣಣ್ಣ,” ಅಂದ ಅವನು ಅದರ ಮೈ ತಟ್ಟುತ್ತಾ. “ನಮ್ಮ ಭಾವನ ಗ್ಯಾರೇಜಿಗೆ ಇಂಥದ್ದೇ ಒಂದು ಹುಡುಕ್ತಾ ಇದ್ದೆ.”

ಜೀವ ಉಳಿಸಿದವನು ನಿನ್ನ ವಸ್ತುವನ್ನು ಮೆಚ್ಚಿಕೊಂಡರೆ ಏನು ಹೇಳಬೇಕು ಅನ್ನೋದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನು ಅದಕ್ಕೆ ಏನು ಹೇಳಬೇಕು ಅನ್ನೋದೂ ಗೊತ್ತಿತ್ತು. ಆರ್ಲೆನ್ ಹೇಳಿಯೇ ಹೇಳಿದ.

“ಹಾಗಾದ್ರೆ ಇದನ್ನೇ ತಗೊಂಡು ಹೋಗಿ.”

“ಹೌದಾ? ನಿಜವಾಗ್ಲೂ?”

ಇದು ಒಂದು. “ನಿಜವಾಗ್ಲೂ,” ಅಂದ ಆರ್ಲೆನ್. ಮೆಷಿನ್ನು ಎದೆ ಮೇಲಿದ್ದಾಗಲೂ ಅವನಿಗೆ ಇಷ್ಟು ಹೆದರಿಕೆ ಆಗಿರಲಿಲ್ಲ.

“ನಿಂಗೆ ಬೇಕಾಗಲ್ವಾ?”

ಇದು ಎರಡು. “ಅಯ್ಯೋ, ನಂಗ್ಯಾಕೆ,” ಅಂದ.

ಇನ್ನೊಂದೇ ಒಂದು ಸಲ ಕೇಳಲಿ, ನಿಜ ಹೇಳಿಬಿಡ್ತೀನಿ ಅಂತ ದೇವರಿಗೆ ಮೊರೆಯಿಟ್ಟ. ಪಾದ್ರಿಗಳ ತುಟಿಯೂ ಅಲ್ಲಾಡುತ್ತಿತ್ತು. ಬರ್ಡೀನಮ್ಮ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದಳು.

“ದೇವರಂಥ ಮನುಷ್ಯ ಕಣಣ್ಣ ನೀನು,” ಅಂದ ಕಾರ್ಮೈನ್. ವೈರು ಕಿತ್ತು ಸುತ್ತಿ, ಮೆಷಿನ್ನನ್ನು ಕೈಗಾಡಿಗೆ ಬಿಗಿದ. ಬೆಳಗಿಂದ ಒಂದು ಬೆರಳೂ ಹಾಕದ ನಮ್ಮವರು ಈಗ ಅತಿಥಿ ಒಬ್ಬನೇ ಕಷ್ಟಪಡ್ತಾನಲ್ಲ ಅಂತ ಓಡಿ ಬಂದರು. ಡ್ವೇನ್ ಬಾಗಿಲು ಹಿಡಿದ, ಪಾದ್ರಿಗಳು ಒಂದು ಮೂಲೆಗೆ ಭುಜ ಕೊಟ್ಟರು, ವರ್ನಾ ಹಾದಿಗೆ ಅಡ್ಡವಿದ್ದ ಬುಟ್ಟಿ ಸರಿಸಿದಳು. ಬರ್ಡೀನಮ್ಮ ದಾರಿಗೆ ಇರಲಿ ಅಂತ ಸಿಹಿಯ ಡಬ್ಬವನ್ನೂ ಕೊಟ್ಟಳು, ಅವನು ಅದನ್ನೂ ತಗೊಂಡ. ಲಾರಿಯ ಬಾಗಿಲು ಮುಚ್ಚಿತು.

ಆರ್ಲೆನ್ ಫುಟ್‌ಪಾತಿನ ಮೇಲೆ ನಿಂತು ನೋಡಿದ. ಲಾರಿ ಹೊರಟಿತು, ಚೌಕದವರೆಗೆ ಹೋಯಿತು, ಅಲ್ಲಿ ನಿಂತಿತು. ಆಮೇಲೆ ಹಿಂದಿನ ಬಿಳಿ ದೀಪ ಹೊತ್ತಿಕೊಂಡು ಮೆಲ್ಲಗೆ ಹಿಂದಕ್ಕೆ ಬರತೊಡಗಿತು. ಡ್ವೇನ್ ಆರ್ಲೆನ್‌ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. ಬಂತು ನೋಡು, ಮೂರನೇದು, ಈ ಸಲ ಬಾಯಿ ಬಿಡಯ್ಯಾ ಅಂತ ಪಿಸುಗುಟ್ಟಿದ. ಆರ್ಲೆನ್ ಗಂಟಲು ಸರಿಮಾಡಿಕೊಂಡು ಸಿದ್ಧನಾದ.

ಕಾರ್ಮೈನ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಅಣ್ಣಾ, ಇನ್ನೊಂದು ಕೇಳೋದಿತ್ತು. ಇದರ ಬೀಗದ ಕೈ?”

ಆರ್ಲೆನ್ ಜೇಬಿನಿಂದ ತೆಗೆದು ಕೊಟ್ಟ. ಇನ್ನೊಂದು ಮನೆಯಲ್ಲಿದೆ, ವಿಳಾಸ ಕೊಟ್ಟರೆ ಅದನ್ನೂ ಅಂಚೆಗೆ ಹಾಕ್ತೀನಿ ಅಂದ.