ಆಲನ್ನರ ಶೆಡ್ಡಿನಲ್ಲಿ ಗುಂಡು ಎರಕ

ಇಂಜಿನಿಯರ್ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಅಪಾಯವಿದೆ, ಕೇಳಿದವರು ನಂಬಿಬಿಡುತ್ತಾರೆ. ನಾವು ಬಂದು ನೆಲೆಸಿದ ಇಂಗ್ಲಿಷರ ಊರು ಬರ್ಚ್‌ವುಡ್ಡಿನಲ್ಲಿ ನಮ್ಮ ಪಕ್ಕದ ಮನೆಯ ಆಲನ್ ಹಾಗೆ ನಂಬಿದವರು. ನಾನು ಕಂಪ್ಯೂಟರಿನ ಮುಂದೆ ಕೂರುವ ಇಂಜಿನಿಯರ್, ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವವಳು ಹೆಂಡತಿ ಸುಮತಿ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾನಂತೂ ಹೇಳಿರಲಿಲ್ಲ.

ಎಪ್ಪತ್ತು ದಾಟಿದ ಆಲನ್‌ಗೆ ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬುವ ಹಳೇ ಕಾಲದ ಬಂದೂಕಿನ ಹುಚ್ಚು. ಲೈಸೆನ್ಸ್ ಇತ್ತು, ಭಾನುವಾರಗಳಿಗೆ ಗುರಿ ಹೊಡೆಯುವ ಕ್ಲಬ್ಬೂ ಇತ್ತು. ಹೆಂಡತಿ ತೀರಿಕೊಂಡ ಮೇಲೆ ಅವರು ನಾಲ್ಕು ಮಾತಾಡುತ್ತಿದ್ದುದು ಅಲ್ಲೊಂದೇ ಕಡೆ. ಗುಂಡುಗಳನ್ನು ಹಿತ್ತಲಿನ ಶೆಡ್ಡಿನಲ್ಲಿ ತಾವೇ ಸೀಸ ಕರಗಿಸಿ ಎರಕ ಹೊಯ್ಯುತ್ತಿದ್ದರು. ಆ ವರ್ಷ ಬೆರಳುಗಳಿಗೆ ಸಂಧಿವಾತ ಬಂದು, ಅಚ್ಚಿನ ಹಿಡಿಕೆ ಒತ್ತಿ ಹಿಡಿಯಲು ಆಗದಾಯಿತು. ಬೇಲಿಯಾಚೆ ನಿಂತು, ನೀವು ಹೊಯ್ದುಕೊಡುತ್ತೀರಾ ಎಂದು ಬಹಳ ಸಂಕೋಚದಿಂದ ಕೇಳಿದರು. ನಾನು ಒಪ್ಪಿಕೊಂಡೆ.

ಶನಿವಾರ ಶೆಡ್ಡಿಗೆ ಹೋದಾಗ, ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಸಿಡಿಯುತ್ತದೆ ಎಂದು ಆಲನ್ ಮೊದಲೇ ಎಚ್ಚರಿಸಿದರು. ಹಣೆಯ ಬೆವರು ಬಿದ್ದರೆ ಎಂಬ ಹೆದರಿಕೆಗೇ ನಾನು ಇನ್ನಷ್ಟು ಬೆವರಿದೆ. ಅವರು ನನ್ನ ತಲೆಗೊಂದು ಟವೆಲ್ ಕಟ್ಟಿದರು. ನಾನು ಹೊಯ್ದ ಗುಂಡುಗಳೆಲ್ಲ ಒಣದ್ರಾಕ್ಷಿಯ ಹಾಗೆ ಸುಕ್ಕುಸುಕ್ಕಾಗಿ ಬಂದವು. ಆಲನ್ ಪ್ರತಿಯೊಂದನ್ನೂ ನೋಡಿ "ನಾಟ್ ಬ್ಯಾಡ್" ಎನ್ನುತ್ತ ಮತ್ತೆ ಪಾತ್ರೆಗೆ ಹಾಕಿಸುತ್ತಿದ್ದರು.

ಇದೇನು ಇಷ್ಟು ಹೊತ್ತಾಯಿತೆಂದು ನೋಡಲು ಬಂದ ಸುಮತಿ ಬಾಗಿಲಲ್ಲೇ ನಿಂತಳು.

"ರೀ, ಅಚ್ಚೇ ಕಾದಿಲ್ವಲ್ರೀ. ಕಾಯದ ಕಾವಲಿ ಮೇಲೆ ದೋಸೆ ಹುಯ್ದ್ರೆ ಹೀಗೇ ಆಗೋದು."

ಅವಳ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರೆ, ಅದು ಆಲನ್‌ಗೂ ಗೊತ್ತಿತ್ತಂತೆ. ಇಂಜಿನಿಯರ್‌ಗೆ ಹೇಗೆ ಹೇಳುವುದೆಂದು ಸುಮ್ಮನಿದ್ದರಂತೆ. ಸುಮತಿ ಕನ್ನಡಕ, ಕೈಗವಸು ಹಾಕಿಕೊಂಡು ನನ್ನನ್ನು ಬದಿಗೆ ಸರಿಸಿದಳು. ಮೊದಲ ಐದು ಗುಂಡು ಅಚ್ಚು ಕಾಯಿಸುವುದಕ್ಕೇ ಹೋದವು, ಆರನೆಯದು ನುಣ್ಣಗೆ, ಹೊಳೆಯುತ್ತ ಹೊರಬಿತ್ತು. ಆರಿದ ಮೇಲೆ ಆಲನ್ ಅದನ್ನು ಅಂಗೈಯಲ್ಲಿ ಬಹಳ ಹೊತ್ತು ಉರುಳಿಸಿದರು. ಆಮೇಲೆ, ಆ ಕಡೆಯ ಹಿರಿಯರು ಹೆಂಗಸರನ್ನು ಅಕ್ಕರೆಯಿಂದ ಕರೆಯುವ ಹಾಗೆ ಕರೆದು, ಅವಳನ್ನೇ ಕೇಳಿದರು:

"ಮುಂದಿನ ಶನಿವಾರವೂ ಬರ್ತೀಯಾ, ಲವ್?"

ಹೋದಳು. ಕ್ಲಬ್ಬಿನವರು ಅತಿಥಿಗಳನ್ನು ಕರೆದ ದಿನ, ಪುಟ್ಟ ಮಗಳನ್ನು ಸ್ನೇಹಿತರ ಮನೆಯಲ್ಲಿ ಬಿಟ್ಟು, ಮೂವರೂ ಹೋದೆವು. ತಾನು ಹೊಯ್ದ ಗುಂಡನ್ನು ಆಲನ್ನರ ಮೇಲ್ವಿಚಾರಣೆಯಲ್ಲಿ ಸುಮತಿಯೇ ಹೊಡೆದಳು; ನಾನು ಹಿಂದೆ ಕಿವಿ ಮುಚ್ಚಿಕೊಂಡು ನಿಂತಿದ್ದೆ. ವಾಪಸು ಬರುವಾಗ ಅವಳು ಕಾರು ಓಡಿಸಿದಳು, ಪಕ್ಕದಲ್ಲಿ ಆಲನ್, ಹಿಂದಿನ ಸೀಟಿನಲ್ಲಿ ನಾನು. ಮನೆ ಬಂದರೂ ಅವರಿಬ್ಬರ ಮಾತು ಮುಗಿದಿರಲಿಲ್ಲ. ಮಾತಾಡುತ್ತಲೇ ಇಳಿದರು, ಮಾತಾಡುತ್ತಲೇ ಕಾರಿಗೆ ಬೀಗ ಹಾಕಿ ಶೆಡ್ಡಿನ ಕಡೆ ನಡೆದರು. ಹಿಂದಿನ ಬಾಗಿಲು ಒಳಗಿನಿಂದ ತೆರೆಯದಂತೆ ಮಗಳಿಗೆಂದು ಹಾಕಿದ್ದ ಚೈಲ್ಡ್ ಲಾಕ್ ನನ್ನನ್ನು ಬಿಡಲಿಲ್ಲ. ಗಾಜಿನಾಚೆ ಆಲನ್ ಅವಳಿಗೆ ಏನೋ ಹೇಳುತ್ತ, ಕೈಯಾಡಿಸುತ್ತ ನಗುತ್ತಿದ್ದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ; ಹಾರ್ನ್ ಒತ್ತಿ ಕೆಡಿಸಲು ಮನಸ್ಸಾಗಲಿಲ್ಲ. ಒತ್ತಬೇಕೆಂದರೆ ಮುಂದಿನ ಸೀಟಿಗೆ ದಾಟಬೇಕಿತ್ತು, ಅದಕ್ಕೆ ನನ್ನ ಹೊಟ್ಟೆಯೂ ಒಪ್ಪಲಿಲ್ಲ.